ನಾಲ್ಕನೇ ಕುರ್ಚಿಯ ನಾಲ್ಕನೇ ಗಂಟೆ

ಡಾಕ್ಟರು ಫೋನ್ ಮಾಡುವವರಲ್ಲ, ಮೆಸೇಜ್ ಹಾಕುವವರು. ಹಾಗಾಗಿ ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲು ಇಳಿಯುತ್ತಿದ್ದಾಗ ಅವರ ಹೆಸರು ಫೋನಿನ ಮೇಲೆ ಕಂಡದ್ದೇ ತಡ, ಎತ್ತುವ ಮೊದಲೇ ನಾನು ಮೂರು ಅನಾಹುತಗಳನ್ನು ಊಹಿಸಿ ಮುಗಿಸಿದ್ದೆ. ಹೆಡ್‌ಫೋನಿನಿಂದ ಯಾರಿಗೋ ಶಾಕ್ ಹೊಡೆದಿದೆ. ಟ್ಯಾಬ್ಲೆಟ್ ಸ್ಟ್ಯಾಂಡ್ ಸಮೇತ ಯಾರದೋ ಕಾಲಿನ ಮೇಲೆ ಬಿದ್ದಿದೆ. ನಮ್ಮ ಪ್ರೋಗ್ರಾಮು ಯಾರೋ ಹಿರಿಯರಿಗೆ ಕೇಳಬಾರದ ಹಾಡು ಕೇಳಿಸಿದೆ. ಮೂರೂ ಆಗಿರಲಿಲ್ಲ. ನಾನು ಊಹಿಸಿದ ಅನಾಹುತ ಯಾವತ್ತೂ ಆಗುವುದಿಲ್ಲ. ಊಹಿಸದೇ ಇದ್ದದ್ದು ಬಂದು ನಿಲ್ಲುತ್ತದೆ.

"ನಾಲ್ಕನೇ ಕುರ್ಚಿ ಅಮ್ಮ ನಾಲ್ಕು ಗಂಟೆ ಕೂರ್ತಾ ಇಲ್ಲ ಮೇಡಂ," ಅಂದರು ಡಾಕ್ಟರು. "ಮೂರು ಗಂಟೆ ಆಗ್ತಿದ್ದ ಹಾಗೇ ಬಿಚ್ಚಿ ಅಂತಾರೆ. ಮುಂಚೆ ಅಪರೂಪಕ್ಕೆ ಹಾಗೆ ಮಾಡ್ತಿದ್ರು. ನಿಮ್ಮ ಹಾಡು ಬಂದ್ಮೇಲೆ ಪ್ರತಿ ಸಲ. ಕಾಲು ಊದಿದೆ, ಮಲಗಿದ್ರೆ ಉಸಿರು ಕಟ್ಟುತ್ತೆ ಅಂತಾರೆ. ಈ ತಿಂಗಳ ಕೊನೇವರೆಗೆ ನೋಡೋಣ. ಆಮೇಲೆ ತೆಗೆದುಬಿಡೋಣ ಇದನ್ನ."

ಆ ಕೇಂದ್ರ ಇರುವುದು ವಿಜಯನಗರದಲ್ಲಿ, ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿ. ಎಂಟು ಡಯಾಲಿಸಿಸ್ ಯಂತ್ರ, ಎಂಟು ಒರಗು ಕುರ್ಚಿ. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು, ಒಂದು ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ಆ ಕೈ ಅಲ್ಲಾಡಿಸದೆ ನಾಲ್ಕು ಗಂಟೆ ಕೂರಬೇಕು. ರಕ್ತ ಯಂತ್ರದೊಳಗೆ ಹೋಗಿ ಶುದ್ಧವಾಗಿ ಬರುತ್ತದೆ. ಮೈಯಲ್ಲಿ ಹೆಚ್ಚಾದ ನೀರೂ ಇಳಿಯುತ್ತದೆ. ಒಂದು ಗಂಟೆ ಮುಂಚೆ ಎದ್ದರೆ ಅಷ್ಟು ನೀರು ಒಳಗೇ ಉಳಿಯಿತು. ಪ್ರತಿ ಸಲ ಎದ್ದರೆ ಒಂದು ದಿನ ಅದು ಶ್ವಾಸಕೋಶಕ್ಕೆ ಏರುತ್ತದೆ. ಇದನ್ನು ನನಗೆ ವಿವರಿಸಿದವರೂ ಇದೇ ಡಾಕ್ಟರೇ. ಆ ನಾಲ್ಕು ಗಂಟೆ ಹೇಗಾದರೂ ಸರಿಯಲಿ ಎಂದೇ ನಮ್ಮ ಹಾಡಿನ ವ್ಯವಸ್ಥೆಯನ್ನು ಒಳಗೆ ಬಿಟ್ಟುಕೊಂಡಿದ್ದರು.

ನಾವು ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಲೇತ್ ವರ್ಕ್‌ಶಾಪಿನ ಮೇಲೆ ಕೂತು ಕೆಲಸ ಮಾಡುವ ನಾಲ್ಕು ಜನ. ಕೇಳುವವರ ಮನಸ್ಥಿತಿ ನೋಡಿ, ಅವರ ಅಭಿಪ್ರಾಯ ತೆಗೆದುಕೊಂಡು, ಮುಂದಿನ ಹಾಡು ಯಾವುದೆಂದು ಆರಿಸುವ ಪ್ರೋಗ್ರಾಮು ನಮ್ಮದು. ಆರಿಸುವ ಭಾಗ ಬರೆದವಳು ನಾನು. ಕೆಳಗೆ ಕಬ್ಬಿಣ ಕೊರೆಯುವ ಸದ್ದು, ಮೇಲೆ ನಾನು ಶಾಂತಿಯ ಹಾಡುಗಳನ್ನು ವಿಂಗಡಿಸುತ್ತಿದ್ದೆ.

ಕೆಲಸ ನಡೆಯುತ್ತಿದ್ದ ರೀತಿ ಸರಳ. ಪ್ರತಿ ಹಾಡಿಗೂ ಕೆಲವು ಗುರುತುಗಳಿರುತ್ತವೆ: ಲಯ ಎಷ್ಟು ಚುರುಕು, ಭಾವ ಯಾವುದು, ಹಳೆಯದೋ ಹೊಸದೋ, ಸಿನಿಮಾದ್ದೋ ದೇವರದೋ ಜಾನಪದವೋ. ಪ್ರತಿ ಕೇಳುಗರ ಹೆಸರಿನಲ್ಲಿ ಆ ಗುರುತುಗಳಿಗೆ ಅಂಕ. ಶುರುವಿಗೆ ಟ್ಯಾಬ್ಲೆಟ್ "ಇವತ್ತು ಮನಸ್ಸು ಹೇಗಿದೆ?" ಎಂದು ಕೇಳುತ್ತದೆ. ಪ್ರತಿ ಹಾಡು ಮುಗಿದಾಗ ಮೂರು ಮುಖ ಬರುತ್ತವೆ: ನಗುಮುಖ, ಸುಮ್ಮನಿರುವ ಮುಖ, ಸಪ್ಪೆ ಮುಖ. ನಗುಮುಖ ಒತ್ತಿದರೆ ಆ ಬಗೆಯ ಹಾಡಿಗೆ ಅಂಕ ಏರುತ್ತದೆ, ಸಪ್ಪೆ ಮುಖಕ್ಕೆ ಇಳಿಯುತ್ತದೆ. ಹತ್ತು ಹಾಡಿನಲ್ಲಿ ಎಂಟು ಅವರಿಗೆ ಹಿಡಿಸಿದ ಬಗೆಯವು, ಎರಡು ಹೊಸವು, ಪರೀಕ್ಷೆಗೆ. ಮೊದಲ ದಿನ ಮಾತ್ರ ನಮಗೆ ಏನೂ ಗೊತ್ತಿರುವುದಿಲ್ಲವಲ್ಲ, ಆಗ ವಯಸ್ಸು, ಭಾಷೆ ನೋಡಿ ಅಂದಾಜು. ಅರವತ್ತು ದಾಟಿದ ಹೆಂಗಸರು, ಕನ್ನಡ ಎಂದರೆ ಭಕ್ತಿಗೀತೆ. ಆ ಒಂದು ಸಾಲನ್ನು ಎರಡನೇ ಸಲ ಯೋಚಿಸದೆ ಬರೆದೆ. ದಿನಕ್ಕೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ಯೋಚಿಸುವವಳು ನಾನು.

ನಾಲ್ಕನೇ ಕುರ್ಚಿಯ ಅಮ್ಮನ ದಾಖಲೆ ತೆಗೆದು ನೋಡಿದೆ. ಆರು ವಾರದಿಂದ ಮನಸ್ಸು "ಚೆನ್ನಾಗಿದೆ". ಪ್ರತಿ ಹಾಡಿಗೂ ನಗುಮುಖ. ಒಂದೇ ಒಂದು ಹಾಡನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ. ನಮ್ಮ ಲೆಕ್ಕದಲ್ಲಿ ಇವರಷ್ಟು ಸಂತೃಪ್ತ ಕೇಳುಗರು ಬೇರೆ ಇರಲಿಲ್ಲ. ಇವರೇ ಮೂರು ಗಂಟೆಗೆ ಎದ್ದು, "ನನ್ನ ಇಚ್ಛೆಯಿಂದ" ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿ ಹೋಗುತ್ತಿದ್ದರು.

ಹೆಡ್‌ಫೋನ್ ಕಿವಿ ಒತ್ತುತ್ತಿರಬೇಕು ಅನ್ನಿಸಿತು. ಮೆತ್ತನೆಯದು ತಂದು ಕೊಟ್ಟೆ. "ಚೆನ್ನಾಗಿದೆ ಕಣಮ್ಮ," ಅಂದರು. ಮೂರು ಗಂಟೆಗೆ ಎದ್ದರು. ಕೇಳಿದ್ದನ್ನೇ ಕೇಳಿ ಬೇಸರವಾಗಿರಬೇಕು ಎಂದು ಹತ್ತರಲ್ಲಿ ನಾಲ್ಕು ಹೊಸ ಹಾಡು ಮಾಡಿದೆ. ಭಕ್ತಿಗೀತೆಯ ಅಂಕ ಅಷ್ಟೊತ್ತಿಗೆ ಆಕಾಶ ಮುಟ್ಟಿತ್ತು. ಹೊಸ ನಾಲ್ಕೂ ಭಕ್ತಿಗೀತೆಗಳೇ ಬಂದವು. ಮೂರು ಗಂಟೆಗೆ ಎದ್ದರು. ಮೂರನೇ ಗಂಟೆಯ ಹೊತ್ತಿಗೆ ಬಿಪಿ ಇಳಿಯುತ್ತದೆ, ಆಗ ನಿಧಾನದ ಹಾಡು ಬರುವ ನಿಯಮ ಮೊದಲೇ ಇತ್ತು. ಅದಕ್ಕೂ ಮುಂಚಿನ ಚುರುಕು ಹಾಡು ತಡೆಯಲಾಗುತ್ತಿಲ್ಲವೇನೋ ಎಂದುಕೊಂಡು ಎರಡೂವರೆ ಗಂಟೆಯಿಂದಲೇ ಅದು ಬರುವಂತೆ ಬದಲಾಯಿಸಿದೆ. ಆವತ್ತು ಅರ್ಧ ಗಂಟೆ ಇನ್ನೂ ಬೇಗ ಎದ್ದರು.

ನಮ್ಮ ಸಂಸ್ಥೆಯ ಯಜಮಾನರು ನನಗಿಂತ ಹತ್ತು ವರ್ಷ ಚಿಕ್ಕವರು, ಸಮಾಧಾನಿ. "ಮೇಡಂ, ಒಬ್ರಿಗೋಸ್ಕರ ಯಾಕೆ ಇಷ್ಟು ಟೆನ್ಷನ್? ಉಳಿದ ಏಳು ಜನ ಖುಷಿಯಾಗಿದಾರಲ್ಲ," ಅಂದರು.

"ಅವರೂ ನಗುಮುಖಾನೇ ಒತ್ತಿದಾರೆ ಸಾರ್. ಅದೇ ನನಗೆ ಭಯ," ಅಂದೆ.

ಲ್ಯಾಪ್‌ಟಾಪ್ ಮುಚ್ಚಿಟ್ಟು, ಡಾಕ್ಟರ ಅನುಮತಿ ಪಡೆದು, ಬೆಳಗ್ಗೆ ಆರೂವರೆಯ ಪಾಳಿಗೆ ಹೋಗಿ ನಾಲ್ಕನೇ ಕುರ್ಚಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಅಮ್ಮ ಬಾಪೂಜಿ ನಗರದವರು. ಮೂವತ್ತು ವರ್ಷಕ್ಕೂ ಹೆಚ್ಚು ಲೇಡೀಸ್ ಟೈಲರ್ ಅಂಗಡಿ ನಡೆಸಿದವರು. ಇಲ್ಲಿ ಎಲ್ಲರಿಗೂ ಟೈಲರಮ್ಮ. ಪಕ್ಕದ ಐದನೇ ಕುರ್ಚಿಯಲ್ಲಿ ಸುಂಕದಕಟ್ಟೆಯಿಂದ ಬರುವ ನಿವೃತ್ತ ಬಸ್ ಡ್ರೈವರು, ಅವರನ್ನು ಡ್ರೈವರಣ್ಣ ಅನ್ನುತ್ತಾರೆ.

"ಏನಮ್ಮ, ಪರೀಕ್ಷೆ ಬರಿಯೋಕೆ ಬಂದಿದೀಯಾ?" ಟೈಲರಮ್ಮ ನನ್ನ ನೋಟ್‌ಬುಕ್ ನೋಡಿ ಕೇಳಿದರು.

"ನಮ್ಮ ಹಾಡು ಹೇಗಿದೆ ನೋಡೋಣ ಅಂತ ಬಂದೆ ಅಮ್ಮ."

"ಚೆನ್ನಾಗಿದೆ. ನಿನ್ನ ಬ್ಲೌಸ್ ಯಾರು ಹೊಲಿದಿದ್ದು?"

"ಬಸವೇಶ್ವರನಗರದಲ್ಲಿ ಒಬ್ರು."

"ಭುಜ ಬಿದ್ಹೋಗಿದೆ. ಕಂಕುಳಲ್ಲಿ ಸುಕ್ಕು ಬಂದಿದೆ. ಅವ್ರು ಅಳತೆ ತಗೊಂಡಿದ್ದು ನಿಂದೇನಾ?"

"ಮುಖಕ್ಕೇ ಹೇಳ್ಬಿಟ್ರಲ್ಲ," ಎಂದು ಡ್ರೈವರಣ್ಣ ನಕ್ಕರು. ನಾನೂ ನಕ್ಕೆ, ಆದರೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಹಾಕಿಕೊಂಡೆ. ಬ್ಲೌಸಿನ ಬಗ್ಗೆ ಅರ್ಧ ನಿಮಿಷದಲ್ಲಿ ಮೂರು ತಪ್ಪು ಹೇಳಿದವರು ಆರು ವಾರದಲ್ಲಿ ಒಂದು ಹಾಡಿಗೂ ಒಂದು ತಪ್ಪು ಹೇಳಿರಲಿಲ್ಲ.

ಮೊದಲ ಗಂಟೆ, ಎರಡನೇ ಗಂಟೆ ಏನೂ ವಿಶೇಷವಿಲ್ಲ. ಟೆಕ್ನಿಷಿಯನ್ ಹುಡುಗಿ ಅರ್ಧ ಗಂಟೆಗೊಮ್ಮೆ ಬಂದು ಬಿಪಿ ಬರೆದುಕೊಂಡಳು. ನಿಧಾನದ ಪ್ರಯೋಗವನ್ನು ನಾನು ಹಿಂದಕ್ಕೆ ತೆಗೆದಿದ್ದೆ, ಹಾಗಾಗಿ ಮೂರನೇ ಗಂಟೆ ಹತ್ತಿರ ಬಂದಾಗಲೇ ಟೈಲರಮ್ಮ ಅಲ್ಲಾಡಿದ್ದು. ಸೂಜಿ ಇಲ್ಲದ ಕೈಯನ್ನು ಮೆಲ್ಲಗೆ ಎತ್ತಿ ಎರಡು ಕಣ್ಣಿಗೂ ಒತ್ತಿಕೊಂಡರು. ಹೊದಿಕೆಯೊಳಗಿಂದ ಕಾಲು ಇಳಿಬಿಟ್ಟು ಚಪ್ಪಲಿ ಹುಡುಕಿದರು. ಹೆಡ್‌ಫೋನ್ ತೆಗೆದು, ಟ್ಯಾಬ್ಲೆಟ್ಟಿನಲ್ಲಿ ನಗುಮುಖ ಒತ್ತಿ, "ಸಿಸ್ಟರ್, ಬಿಚ್ಚಮ್ಮ. ಆಯ್ತು," ಅಂದರು.

ಏನು ಆಯ್ತು ಎಂದು ಟ್ಯಾಬ್ಲೆಟ್ ನೋಡಿದೆ. ಆಗತಾನೆ ಮುಗಿದ ಹಾಡು ಮಂಗಳದ್ದು.

ಭಜನೆಯ ಕೊನೆಗೆ, ಆರತಿ ಎತ್ತುವಾಗ ಹಾಡುವ ಹಾಡು. ಎಷ್ಟು ಮನೆಯ ಪೂಜೆಗಳಲ್ಲಿ ನಾನೇ ಆ ಹಾಡಿಗಾಗಿ ಕಾದಿಲ್ಲ? ಅದಾದ ಮೇಲೆ ಪ್ರಸಾದ, ಅರಿಶಿನ ಕುಂಕುಮ, ಚಪ್ಪಲಿ, ಮನೆ. ಮಂಗಳ ಹಾಡಿದ ಮೇಲೆ ಯಾರೂ ಕೂರುವುದಿಲ್ಲ. ಕೂತರೆ ಮನೆಯವರಿಗೇ ಮುಜುಗರ. ನನ್ನ ಪ್ರೋಗ್ರಾಮಿಗೆ ಅದು "ನಿಧಾನ, ಶಾಂತ, ಭಕ್ತಿ" ಅಷ್ಟೇ. ಬಿಪಿ ಇಳಿಯುವ ಹೊತ್ತಿಗೆ ಶಾಂತವಾದದ್ದು ಹಾಕು ಎಂದು ನಾನು ನಿಯಮ ಬರೆದಿದ್ದೆ. ಶಾಂತ ಹಾಡುಗಳಲ್ಲೆಲ್ಲ ಅದಕ್ಕೇ ಹೆಚ್ಚು ಅಂಕ. ಹಾಗಾಗಿ ಪ್ರತಿ ಸಲ, ತಪ್ಪದೆ, ಮೂರನೇ ಗಂಟೆಗೆ ನಾನು ಟೈಲರಮ್ಮನಿಗೆ ಮಂಗಳ ಹಾಡಿ ಕಳಿಸುತ್ತಿದ್ದೆ. ನಿಧಾನದ ಹಾಡನ್ನು ಬೇಗ ಶುರು ಮಾಡಿದ ದಿನ ಅರ್ಧ ಗಂಟೆ ಮೊದಲೇ ಹಾಡಿ ಕಳಿಸಿದ್ದೆ.

ಟೆಕ್ನಿಷಿಯನ್ ಹುಡುಗಿ ಬ್ಯಾಂಡೇಜ್ ಸುತ್ತಿ ಬಂದ ಮೇಲೆ ಕೇಳಿದೆ. ಅವಳು ಆಶ್ಚರ್ಯದಿಂದ ನನ್ನನ್ನೇ ನೋಡಿದಳು. "ಮಂಗಳ ಬಂದ್ರೆ ಎಲ್ರೂ ಚಡಪಡಿಸ್ತಾರೆ ಮೇಡಂ. ನಿಮಗೆ ಗೊತ್ತಿದ್ದೇ ಹಾಕಿದೀರ ಅನ್ಕೊಂಡೆ."

ಆಫೀಸಿಗೆ ಹೋಗಿ ಎಂಟೂ ಕುರ್ಚಿಯ ದಾಖಲೆ ತೆಗೆದೆ. ಬೇಗ ಎದ್ದವರು ಕೊನೆಗೆ ಕೇಳಿದ ಹಾಡು ಯಾವುದು ಎಂದು ಜೋಡಿಸಿದಾಗ ಬಹುಪಾಲು ಅದೇ ಬಂತು. ಇನ್ನೂ ಒಂದು ವಿಷಯ ಕಂಡಿತು. ಸಿನಿಮಾ ಹಾಡಿಗೆ ಜನ ಅಲ್ಲೊಂದು ಇಲ್ಲೊಂದು ಸಪ್ಪೆ ಮುಖ ಒತ್ತಿದ್ದರು. ಭಕ್ತಿಗೀತೆಗೆ ಯಾರೂ, ಯಾವತ್ತೂ ಒತ್ತಿರಲಿಲ್ಲ.

ಅಂದು ಕೂತು ತಲೆ ಹಿಡಿದುಕೊಂಡದ್ದು ನೆನಪಿದೆ. ಆ ಊದಿದ ಕಾಲಿನಲ್ಲಿ ನನ್ನ ಪಾಲೂ ಇತ್ತು.

ಮುಂದಿನ ಸಲ ಹೋದಾಗ ನೇರವಾಗಿ ಕೇಳಿದೆ. "ಅಮ್ಮ, ನಿಜ ಹೇಳಿ. ಭಕ್ತಿಗೀತೆ ಬೇಜಾರಾಗಿಲ್ವಾ?"

ಟೈಲರಮ್ಮ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಆಗದೆ ಏನು? ಅಂಗಡೀಲಿ ದಿನಾ ರೇಡಿಯೋಲಿ ಸಿನಿಮಾ ಹಾಡೇ ಕೇಳ್ತಿದ್ದೋಳು ನಾನು. ಹಾಡಿಗೆ ತಕ್ಕ ಹಾಗೆ ಪೆಡಲ್ ತುಳಿಯೋಳು."

"ಮತ್ತೆ ಯಾಕೆ ನಗುಮುಖ ಒತ್ತಿದ್ರಿ?"

"ದೇವ್ರ ಹಾಡಿಗೆ ಆ ಅಳೋ ಮುಖ ಒತ್ತೋದಾ? ಚೆನ್ನಾಗ್ ಹೇಳ್ತೀಯ. ಸೂಜಿ ಚುಚ್ಚಿಸ್ಕೊಂಡು ಕೂತಿರೋಳು ನಾನು ಕಣಮ್ಮ, ನೀನಲ್ಲ."

"ಅರ್ಧಕ್ಕೆ ಬಿಡಬಹುದಿತ್ತಲ್ಲ?"

"ದೇವ್ರ ಹೆಸರು ಅರ್ಧಕ್ಕೆ ಬಿಡ್ತಾರಾ?" ಆಮೇಲೆ ಹೇಳಿದರು, "ನೀನೂ ಪಾಪ, ಪ್ರತಿ ಸಲ ಬಂದು 'ಚೆನ್ನಾಗಿದೆಯಾ, ಚೆನ್ನಾಗಿದೆಯಾ' ಅಂತೀಯ. ಇಲ್ಲ ಅಂದ್ರೆ ನೀನು ಮನೇಗ್ ಹೋಗಿ ಊಟ ಮಾಡ್ತೀಯೋ ಇಲ್ವೋ."

ಇದು ನಿಜವಾಗಿತ್ತು. ನೋಟ್‌ಬುಕ್ಕಿನ ಹಾಳೆ ತಿರುವಿದೆ.

"ಅಂಗಡೀಲಿ ನಾನು ಯಾರನ್ನೂ ಚೆನ್ನಾಗಿದೆಯಾ ಅಂತ ಕೇಳ್ತಿರ್ಲಿಲ್ಲ," ಎಂದು ಅವರೇ ಮುಂದುವರಿಸಿದರು. "ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಕ್ಕ ಅಂತಾರೆ, ವಾಪಸ್ ಬರಲ್ಲ. ಕೈ ಮೇಲೆತ್ತಿ, ಎಲ್ಲಿ ಹಿಡಿಯುತ್ತೆ ಹೇಳಿ ಅಂತಿದ್ದೆ. ಆಗ ಹೇಳ್ತಾರೆ. ಇನ್ನೊಂದು ಬಟ್ಟೆ ಕೊಡ್ತೀರಾ ಅಂತ ಕೇಳ್ದಾಗ 'ಆಮೇಲೆ ಕೊಡ್ತೀನಿ ಅಕ್ಕ' ಅಂದ್ರೆ ಮುಗೀತು. ಬೇಡ ಅಂತ ಅರ್ಥ. ಬೇಡ ಅನ್ನೋಕೆ ಯಾರಿಗೆ ಬಾಯಿ ಬರತ್ತೆ?"

ನೋಟ್‌ಬುಕ್ಕಿನಲ್ಲಿ ಆ ಮಾತನ್ನು ಹಾಗೇ ಬರೆದುಕೊಂಡೆ. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಓದಿದ್ದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬಂತು.

ಯಜಮಾನರ ಹತ್ತಿರ ಹೋದಾಗ ತಿಂಗಳ ಕೊನೆಗೆ ಹದಿನಾರು ದಿನ ಉಳಿದಿತ್ತು. ಅವರು ಅರ್ಧ ಕೇಳಿ, "ಸಿಂಪಲ್ ಮೇಡಂ. ಭಕ್ತಿಗೀತೇನೇ ತೆಗೆದುಬಿಡಿ," ಅಂದರು.

ಸುಲಭದ ದಾರಿ ಅದೇ ಆಗಿತ್ತು. ಆದರೆ ಆ ಹಾಡು ಅವರನ್ನು ಎಬ್ಬಿಸಿ ಕಳಿಸುವಷ್ಟು ಬಲವಾಗಿದ್ದರೆ, ಅದು ಬರುವವರೆಗೆ ಕೂರಿಸುವಷ್ಟೂ ಬಲವಾಗಿರಬೇಕಲ್ಲ? ಮಂಗಳ ಆಗುವ ಮುಂಚೆ ಎದ್ದು ಹೋಗುವವರನ್ನೂ ನಮ್ಮಲ್ಲಿ ಯಾರೂ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. "ತೆಗೆಯೋದು ಬೇಡ ಸಾರ್. ಕೊನೆಗೆ ಹಾಕೋಣ. ನಿಜವಾದ ಕೊನೆಗೆ," ಅಂದೆ. ಹೇಳಿದ ತಕ್ಷಣ ಹೆದರಿಕೆಯಾಯಿತು, ಆದರೆ ಹೇಳಿಯಾಗಿತ್ತು.

ನಾಲ್ಕು ದಿನ ಕೂತು ಬದಲಾಯಿಸಿದೆ. ವಯಸ್ಸು ನೋಡಿ ಹಾಡು ಆರಿಸುವ ಸಾಲು ತೆಗೆದೆ. ಅದರ ಬದಲು ಮೊದಲ ದಿನ ಬಗೆಬಗೆಯ ಹನ್ನೆರಡು ಹಾಡು. ಮೂರು ಮುಖಗಳನ್ನೂ ಕಿತ್ತೆ. ಈಗ ಹಾಡು ನಡೆಯುತ್ತಿರುವಾಗ ಪರದೆಯ ಮೇಲೆ ಎರಡೇ ಗುಂಡಿ: "ಇನ್ನೊಂದು ಇಂಥದ್ದು" ಮತ್ತು "ಆಮೇಲೆ ಕೇಳೋಣ". ಎರಡನೆಯದು ಒತ್ತಿದರೆ ಹಾಡು ತಕ್ಷಣ ನಿಲ್ಲುವುದಿಲ್ಲ, ಆ ಚರಣ ಮುಗಿಸಿ, ಸದ್ದು ತಗ್ಗಿಸುತ್ತಾ ಹೋಗುತ್ತದೆ, ಮರ್ಯಾದೆಯಿಂದ. ಮನಸ್ಸು ಹೇಗಿದೆ ಎಂಬ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ. ಟೆಕ್ನಿಷಿಯನ್ ಹುಡುಗಿಯೇ ಉಪಾಯ ಹೇಳಿದಳು. "ನಾನು ಬಂದೋರನ್ನೆಲ್ಲ ತಿಂಡಿ ಆಯ್ತಾ ಅಂತ ಕೇಳ್ತೀನಿ ಮೇಡಂ. ಆಯ್ತು ಅಂದ್ರೆ ಸರಿ ಇದಾರೆ. ಏನೋ ಒಂದು ಅಂದ್ರೆ ಸಪ್ಪಗಿದಾರೆ. ಸೇರ್ಲಿಲ್ಲ ಅಂದ್ರೆ ಮಾತಾಡಿಸ್ಬಾರ್ದು." ಆ ಮೂರು ಉತ್ತರಗಳನ್ನೇ ಗುಂಡಿ ಮಾಡಿ ಅವಳ ಕೈಗೆ ಕೊಟ್ಟೆ.

ಕಷ್ಟ ಕೊಟ್ಟದ್ದು ಮಂಗಳವೇ. ನಾಲ್ಕು ಗಂಟೆ ಎಂದರೆ ಗಡಿಯಾರದ ನಾಲ್ಕು ಗಂಟೆಯಲ್ಲ. ಸೂಜಿ ಸರಿಯಿಲ್ಲ, ಕೊಳವೆ ಮಡಚಿದೆ ಎಂದು ಯಂತ್ರ ಕೂಗಿದಾಗಲೆಲ್ಲ ಅದರ ಲೆಕ್ಕ ನಿಲ್ಲುತ್ತದೆ. ಮೊದಲ ಪ್ರಯೋಗದಲ್ಲಿ ಮಂಗಳ ಮುಗಿದ ಮೇಲೂ ಹದಿನೆಂಟು ನಿಮಿಷ ಬಾಕಿ ಇತ್ತು, ಆರನೇ ಕುರ್ಚಿಯವರು ಆಗಲೇ ಚಪ್ಪಲಿ ಹಾಕಿಕೊಂಡಿದ್ದರು. ಕೊನೆಗೆ ಗಡಿಯಾರ ಬಿಟ್ಟು, ಯಂತ್ರದಲ್ಲಿ ಎಂಟು ನಿಮಿಷ ಉಳಿದಾಗ ಟೆಕ್ನಿಷಿಯನ್ ಒಂದು ಗುಂಡಿ ಒತ್ತುವುದು, ಆಗ ಮಾತ್ರ ಮಂಗಳ ಎಂದಾಯಿತು.

ಉಳಿದದ್ದು ಒಂದೇ ಚಿಂತೆ: ಇದು ಮೋಸವಲ್ಲವೇ? ಅದನ್ನು ತಲೆಯಲ್ಲಿ ಇಟ್ಟುಕೊಂಡು ನನಗೆ ಕೂರಲಾಗದು. ಟೈಲರಮ್ಮನಿಗೆ ಹೊಸದನ್ನು ಹಾಕುವ ಮೊದಲು ಎಲ್ಲವನ್ನೂ ಹೇಳಿಬಿಟ್ಟೆ. ಮೂರನೇ ಗಂಟೆಗೆ ಮಂಗಳ ಹಾಕಿ ಕಳಿಸುತ್ತಿದ್ದದ್ದು ನಾನೇ, ತಪ್ಪಾಯಿತು, ಇನ್ನು ಮೇಲೆ ಅದು ಕೊನೆಗೇ ಬರುತ್ತದೆ ಎಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಅಂದ್ರೆ ನನ್ನ ಕೂರ್ಸೋಕೆ ದೇವ್ರನ್ನೇ ಲೇಟ್ ಮಾಡ್ಸಿದೀಯ."

"ಹೂಂ ಅಮ್ಮ."

"ಸರಿ. ನೋಡೋಣ, ಯಾರು ಮೊದ್ಲು ಸುಸ್ತಾಗ್ತಾರೆ."

ಮೊದಲ ದಿನ ಮೂರೂ ಕಾಲು ಗಂಟೆ. ಎರಡನೇ ದಿನ ಸ್ನಾಯು ಹಿಡಿದುಕೊಂಡು ಮೂರಕ್ಕೇ ಎದ್ದರು. ನನ್ನ ಮುಖ ನೋಡಿ, "ನೀನ್ ಹೋಗಿ ಊಟ ಮಾಡು," ಅಂದರು. ಆದರೆ ಗುಂಡಿಗಳು ಕೆಲಸ ಮಾಡತೊಡಗಿದ್ದವು. "ಆಮೇಲೆ ಕೇಳೋಣ" ಎನ್ನುವುದನ್ನು ಜನ ಧಾರಾಳವಾಗಿ ಒತ್ತಿದರು, ದೇವರ ಹಾಡಿಗೂ. ಆಮೇಲೆ ಎಂದರೆ ಯಾವ ದೇವರೂ ಬೇಜಾರು ಮಾಡಿಕೊಳ್ಳುವುದಿಲ್ಲವಂತೆ. ನನಗೆ ಬಹಳ ಇಷ್ಟವೆಂದು ಸೇರಿಸಿದ್ದ ಒಂದು ಭಾವಗೀತೆಯನ್ನು ಎಂಟೂ ಕುರ್ಚಿ ಆಮೇಲೆ ಕೇಳೋಣ ಅಂದವು. ಆ ಪಟ್ಟಿಯನ್ನು ನಾನು ಅಂಕಪಟ್ಟಿಯ ಹಾಗೆ ಮುದ್ರಿಸಿ ಇಟ್ಟುಕೊಂಡಿದ್ದೇನೆ. ಅಷ್ಟು ಜನ ಒಟ್ಟಿಗೆ ನನಗೆ ನಿಜ ಹೇಳಿದ್ದು ಅದೇ ಮೊದಲು.

ಟೈಲರಮ್ಮನ ಪಟ್ಟಿ ಐದೇ ದಿನದಲ್ಲಿ ತಿರುಗಿ ಕೂತಿತು. ಒಂದೇ ಹದದಲ್ಲಿ ನಡೆಯುವ ಹಳೆಯ ಸಿನಿಮಾ ಹಾಡುಗಳು. ಅಂಥದ್ದು ಬಂದಾಗ ಹೊದಿಕೆಯೊಳಗೆ ಅವರ ಬಲಗಾಲು ಹೊಲಿಗೆ ಯಂತ್ರ ತುಳಿಯುವ ಹಾಗೆ ಆಡುತ್ತಿತ್ತು. ಮೂರನೇ ದಿನ ಮೂರೂವರೆ ಗಂಟೆ. ನಾಲ್ಕನೇ ದಿನವೂ ಅಷ್ಟೇ.

ತಿಂಗಳ ಕೊನೆಯ ಪಾಳಿ ಸೋಮವಾರ ಬಂತು. ಡಾಕ್ಟರು ರೌಂಡಿಗೆ ಬರುವ ದಿನ. ನಾನು ಬಸವೇಶ್ವರನಗರದ ಟೈಲರಿಂದ ಭುಜ ಬಿಚ್ಚಿಸಿ ಹೊಲಿಸಿದ್ದ ಬ್ಲೌಸ್ ತೊಟ್ಟು ಹೋಗಿದ್ದೆ. ಎಲ್ಲ ಸರಿಯಾಗಿ ದಾಖಲಾಗಲಿ ಎಂದು ಹಿಂದಿನ ದಿನ ನಾನೇ ಟ್ಯಾಬ್ಲೆಟ್ಟಿನ ಪರದೆ ಆರದಂತೆ ಮಾಡಿಟ್ಟಿದ್ದೆ. ಪರದೆ ಆರಲಿಲ್ಲ. ಬ್ಯಾಟರಿ ಆರಿತು. ಮೂರೂ ಮುಕ್ಕಾಲು ಗಂಟೆಗೆ ನಾಲ್ಕನೇ ಕುರ್ಚಿಯ ಟ್ಯಾಬ್ಲೆಟ್ ಕಪ್ಪಾಗಿ ನಿಂತಿತು. ಚಾರ್ಜರ್ ಹುಡುಕಿದೆ, ಅದು ರಾಜಾಜಿನಗರದಲ್ಲಿತ್ತು.

ಟೈಲರಮ್ಮ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಈಗ ಏಳುತ್ತಾರೆ ಎಂದು ನಾನು ಕಾದೆ. ಏಳಲಿಲ್ಲ. ಯಂತ್ರದಲ್ಲಿ ಇಳಿಯುವ ಅಂಕಿಯನ್ನೇ ನೋಡುತ್ತಾ ಕೂತರು. ಹದಿನೈದು ನಿಮಿಷ, ಹಾಡಿಲ್ಲದೆ. ಸೊನ್ನೆಗೆ ಬಂದು ಯಂತ್ರ ಕೂಗಿತು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು.

"ಟೈಮ್ ಆಯ್ತಮ್ಮ, ತೆಗೀಲಾ?" ಟೆಕ್ನಿಷಿಯನ್ ಕೇಳಿದಳು.

"ಮಂಗಳ ಆಗ್ಲಿಲ್ವಲ್ಲ."

ನಾನು ಸತ್ತ ಟ್ಯಾಬ್ಲೆಟ್ ಹಿಡಿದು ನಿಂತಿದ್ದೆ. ಅವರು ನನ್ನನ್ನು ಒಮ್ಮೆ ನೋಡಿದರು, ಮಾಸ್ಕ್ ಕೆಳಗೆಳೆದರು, ಹಾಡಿದರು. ಸಣ್ಣ ದನಿ, ಶ್ರುತಿ ಎಲ್ಲೋ, ತಾಳ ಎಲ್ಲೋ. ಎರಡು ಸಾಲು ಹಾಡಿ ಕಣ್ಣಿಗೊತ್ತಿಕೊಂಡರು.

"ಆಮೇಲೆ ಕೇಳೋಣ ಅಮ್ಮ," ಅಂದರು ಐದನೇ ಕುರ್ಚಿಯ ಡ್ರೈವರಣ್ಣ, ಕಣ್ಣು ಮುಚ್ಚಿಕೊಂಡೇ.

"ಆಮೇಲೆ ಏನು, ಬುಧವಾರ ಮತ್ತೆ ಹಾಡ್ತೀನಿ. ಕೇಳು," ಎಂದು ಟೈಲರಮ್ಮ ಸೂಜಿಯ ಕೈಯನ್ನು ಟೆಕ್ನಿಷಿಯನ್ ಕಡೆ ಚಾಚಿದರು. "ಈಗ ಬಿಚ್ಚಮ್ಮ."

ಡಾಕ್ಟರು ಒಳಗೆ ಬಂದು, ರಿಜಿಸ್ಟರಿನ "ನನ್ನ ಇಚ್ಛೆಯಿಂದ" ಎಂಬ ಕಾಲಂನಲ್ಲಿ, ಸಹಿಯ ಜಾಗಕ್ಕೆ, ಅಡ್ಡಗೆರೆ ಎಳೆದರು. ನನ್ನ ಕಡೆ ತಿರುಗಿ, "ಮುಂದಿನ ತಿಂಗಳು ಚಾರ್ಜರ್ ತನ್ನಿ ಮೇಡಂ," ಅಂದರು.